ನಾನು ದಂಡಿನ ದಾರಿ ಎಂದು ಹೇಳಿದ ರಸ್ತೆ

ನಿವೃತ್ತನಾದ ವರ್ಷವೇ ನನ್ನ ರಕ್ತದಲ್ಲಿ ಸಕ್ಕರೆ ಏರಿತು. ದಿನಾ ಒಂದು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಮೊಣಗಂಟು ನೋವು, ನಡೆಯಲಾಗದು ಎಂದೆ. ಹಾಗಾದರೆ ಸೈಕಲ್ ತುಳಿಯಿರಿ, ಮೊಣಗಂಟಿಗೆ ಅಷ್ಟು ಭಾರ ಬೀಳುವುದಿಲ್ಲ ಎಂದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು ಅರುವತ್ತನೆಯ ವಯಸ್ಸಿನಲ್ಲಿ ಗೇರಿನ ಸೈಕಲ್ ಕೊಂಡು, ಚಡ್ಡಿ ಹಾಕಿ, ಸುಳ್ಯದ ಪೇಟೆಯಲ್ಲಿ ಹೊರಟದ್ದು ಹೀಗೆ. ಹಳೆಯ ವಿದ್ಯಾರ್ಥಿಗಳ ಕಣ್ಣಿಗೆ ಬೀಳಬಾರದೆಂದು ಮೊದಲ ತಿಂಗಳು ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಹೋಗಿ ಬರುತ್ತಿದ್ದೆ. ನಾಚಿಕೆ ಎಂದರೆ ಅಷ್ಟೇ ಎಂದು ತಿಳಿದಿದ್ದ ಕಾಲ ಅದು.

ಆದರೂ ಒಬ್ಬಳ ಕಣ್ಣಿಗೆ ಬಿದ್ದೆ. ನನ್ನ ಹತ್ತಿರ ಎಂಟರಿಂದ ಹತ್ತನೆಯವರೆಗೆ ಕಲಿತವಳು, ಈಗ ಪೇಟೆಯಲ್ಲಿ ಹಲ್ಲಿನ ಡಾಕ್ಟರು. ಅವಳೂ ಅವಳ ನಾಲ್ಕೈದು ಮಂದಿ ಸ್ನೇಹಿತರೂ ಆದಿತ್ಯವಾರ ಬೆಳಿಗ್ಗೆ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿದ್ದರು.

"ಸರ್, ನೀವು ಒಬ್ಬರೇ ಯಾಕೆ ಹೋಗುದು? ನಮ್ಮೊಟ್ಟಿಗೆ ಬನ್ನಿ," ಎಂದಳು.

ಹೋದೆ. ನಮ್ಮ ಕಡೆ ಸಮತಟ್ಟಾದ ನೆಲವೆಂದರೆ ಬೈಲು, ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಹಾಸಿದ ಗದ್ದೆ. ಬೈಲಿನ ಅಂಚು ಹಿಡಿದು ಹೋಗುವ ಪಂಚಾಯತು ರಸ್ತೆಗಳಲ್ಲಿ ಆ ಹೊತ್ತಿಗೆ ಹಾಲಿನ ಸೊಸೈಟಿಗೆ ಕ್ಯಾನು ಒಯ್ಯುವ ಸ್ಕೂಟರುಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಕೆಲವು ವಾರ ಸೈಕಲುಗಳನ್ನು ಪಿಕಪ್ಪಿಗೆ ಹಾಕಿ ಪುತ್ತೂರಿನ ದಿಕ್ಕಿಗೆ ಹೋಗಿ ಕೆದಂಬಾಡಿಯ ಸುತ್ತ ತುಳಿಯುತ್ತಿದ್ದೆವು. ಒಮ್ಮೆ ಕಡಬದ ಆಚೆ ಕೊಯಿಲದವರೆಗೂ ಹೋದೆವು. ಅಲ್ಲಿ ಜಾನುವಾರು ಫಾರ್ಮಿನ ಹುಲ್ಲುಗಾವಲಿನ ಬದಿಯಲ್ಲಿ ಗುಡ್ಡಗಳು ಸ್ವಲ್ಪ ದೂರ ಸರಿದು ಆಕಾಶ ಅಗಲವಾಗುತ್ತದೆ. ನನ್ನ ಉಸಿರು ಅಂದು ಮಾತ್ರ ಎಲ್ಲರ ಜೊತೆ ಸಮವಾಗಿ ನಡೆದದ್ದು ನೆನಪು.

ಬೇರೆ ದಿನಗಳಲ್ಲಿ ಹಾಗಿರಲಿಲ್ಲ. ಅವರು ಮೂವತ್ತು ನಲುವತ್ತರ ಪ್ರಾಯದವರು. ಏರು ಬಂದಲ್ಲಿ ನಾನು ಇಳಿದು ತಳ್ಳುತ್ತಿದ್ದೆ, ಅವರು ಮೇಲೆ ನಿಂತು ಕಾಯುತ್ತಿದ್ದರು. ಕಾಯುವವರ ಮುಖದಲ್ಲಿ ಬೇಸರವೇನೂ ಕಾಣುತ್ತಿರಲಿಲ್ಲ. ಆದರೆ ಕಾಯಿಸಿದವನಿಗೆ ಬರಿಗೈಯಲ್ಲಿ ಮೇಲೆ ಹತ್ತಲು ಸಂಕೋಚವಾಗುತ್ತದೆ. ನನ್ನ ಹತ್ತಿರ ಕೊಡಲು ಇದ್ದದ್ದು ಇತಿಹಾಸ ಮಾತ್ರ. ಹಾಗೆ ಶುರುವಾಯಿತು. ಕಾಡು ಬೆಳೆದ ಹಳೆಯ ಕೆರೆಯ ಕಟ್ಟೆ, ದೇವಸ್ಥಾನದ ಹೊರಗೆ ವಾಲಿ ನಿಂತ ಶಾಸನ, ಸುಂಕದ ಕಟ್ಟೆ ಇದ್ದ ಜಾಗ, ಇಂಥವುಗಳ ಎದುರು ನಿಂತು ನಾನು ಎರಡು ಮಾತು ಹೇಳುತ್ತಿದ್ದೆ. ಅವರು ನೀರು ಕುಡಿಯುತ್ತ ಕೇಳುತ್ತಿದ್ದರು. ಮುಂದಿನ ವಾರ ಅವರೇ ಕೇಳತೊಡಗಿದರು, "ಸರ್, ಇವತ್ತಿನ ದಾರಿಯಲ್ಲಿ ಎಂತ ಉಂಟು?" ಆ ಪ್ರಶ್ನೆ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಹಳೆಯ ಪುಸ್ತಕಗಳನ್ನು ತೆಗೆದು ಮರುದಿನಕ್ಕೆ ತಯಾರಾಗುತ್ತಿದ್ದೆ. ಆ ಮಟ್ಟಿಗೆ ಎಲ್ಲವೂ ಪ್ರಾಮಾಣಿಕವಾಗಿಯೇ ಇತ್ತು.

ಡಿಸೆಂಬರಿನ ಒಂದು ಆದಿತ್ಯವಾರ ಪಯಸ್ವಿನಿ ಹೊಳೆ ದಾಟಿ ಅಜ್ಜಾವರದ ಮೂಲಕ ಮಂಡೆಕೋಲಿನ ಕಡೆ ಹೋದೆವು. ಅಲ್ಲಿ ಮುಖ್ಯರಸ್ತೆ ಬಿಟ್ಟು ಒಳಗೆ ಒಂದು ಬೈಲು ಉಂಟು. ಬೈಲು ಮುಗಿಯುವಲ್ಲಿ ರಸ್ತೆ ಒಮ್ಮೆಲೇ ಗುಡ್ಡಕ್ಕೆ ಏರುತ್ತದೆ. ಆ ಏರಿನ ಅರ್ಧದಲ್ಲಿ, ರಸ್ತೆಯ ಬದಿಗೆ, ಕಂಬದ ಹಾಗೆ ನೆಟ್ಟ ಎರಡು ಕಲ್ಲುಗಳು. ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಹೆಚ್ಚುಕಡಿಮೆ ಎದೆಯ ಎತ್ತರಕ್ಕೆ. ಚಪ್ಪಡಿಯ ಅಂಚಿನಲ್ಲಿ ಬೆರಳು ಕೂರುವಷ್ಟು ಸವೆದ ಗೆರೆಗಳು.

ನಾನು ಸೈಕಲ್ ತಳ್ಳಿಕೊಂಡು ಅಲ್ಲಿಗೆ ಮುಟ್ಟುವಾಗ ಅವರೆಲ್ಲ ತಮ್ಮ ಸೈಕಲುಗಳನ್ನು ಆ ಕಲ್ಲಿಗೆ ಒರಗಿಸಿ ನಿಂತಿದ್ದರು. ಅಂದು ಅವರನ್ನು ಕಾಯಿಸಿದ್ದು ಅದು ನಾಲ್ಕನೆಯ ಸಲ. ಅದಕ್ಕೂ ಹೆಚ್ಚಾಗಿ, ಅಂದಿನ ದಾರಿಗೆ ನಾನು ಏನೂ ತಯಾರಾಗಿರಲಿಲ್ಲ. ಆ ಕಡೆಯ ಬಗ್ಗೆ ನನ್ನ ಪುಸ್ತಕಗಳಲ್ಲಿ ಏನೂ ಇರಲಿಲ್ಲ.

"ಸರ್, ಇದೆಂತ?" ಎಂದು ಡಾಕ್ಟರಾದ ನನ್ನ ಶಿಷ್ಯೆ ಕೇಳಿದಳು.

ಅದು ಏನೆಂದು ನನಗೆ ಗೊತ್ತಿತ್ತು. ಇದನ್ನು ಬರೆಯಲು ಇಷ್ಟು ಸಮಯ ಹಿಡಿದದ್ದು ಈ ಒಂದು ವಾಕ್ಯದಿಂದಾಗಿ. ಚಿಕ್ಕಂದಿನಲ್ಲಿ ಸೋದರಮಾವನ ಊರಿನಲ್ಲಿ ಅಂಥದ್ದನ್ನು ನೋಡಿದ್ದೆ. ತಲೆಯ ಮೇಲೆ ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಯನ್ನು ಕೆಳಗೆ ಕೊಟ್ಟು ಎತ್ತಿಕೊಂಡು ಹೋಗುವ ಕಲ್ಲು. ಹೊರೆ ಇಳಿಸುವ ಕಲ್ಲು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟೇ ಹೇಳಲು ನನಗೆ ಕಡಿಮೆ ಅನಿಸಿತು.

"ಇದು ದಂಡಿನ ಕಲ್ಲು," ಎಂದೆ. "ಅರಸರ ಕಾಲದಲ್ಲಿ ದಂಡು ಘಟ್ಟ ಇಳಿದು ಸಮುದ್ರದ ಕಡೆಯ ಕೋಟೆಗಳಿಗೆ ಹೋದದ್ದು ಇದೇ ದಾರಿಯಲ್ಲಿ. ಸೈನಿಕರು ಇಲ್ಲಿ ನಿಂತು ಕತ್ತಿ ಮಸೆಯುತ್ತಿದ್ದರು. ಈ ಗೆರೆ ನೋಡಿ."

ಎಲ್ಲರೂ ಬಗ್ಗಿ ನೋಡಿದರು. ಒಬ್ಬ ಕೈಗವಸು ಕಳಚಿ ಗೆರೆಯ ಮೇಲೆ ಬೆರಳು ಆಡಿಸಿದ.

"ಎಷ್ಟು ವರ್ಷ ಆಗಿರ್ಬಹುದು ಸರ್?"

"ನಾನೂರಕ್ಕೆ ಕಡಿಮೆ ಇಲ್ಲ."

ಅಷ್ಟರಲ್ಲಿ ಬೈಲಿನ ಕಡೆಯಿಂದ ಒಬ್ಬರು ಹೆಂಗಸು ಹುಲ್ಲಿನ ದೊಡ್ಡ ಹೊರೆ ಹೊತ್ತು ಏರು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಪ್ರಾಯ, ಸೊಂಟದಲ್ಲಿ ಹುಲ್ಲು ಕೊಯ್ಯುವ ಕತ್ತಿ ಸಿಕ್ಕಿಸಿದ್ದರು. ನಮ್ಮ ಹತ್ತಿರ ಬಂದು ಒಂದು ಕ್ಷಣ ನಿಂತರು. ದಾರಿ ಬೇಕಾಗಿದೆ ಎಂದುಕೊಂಡು ನಮ್ಮವರು ಬದಿಗೆ ಸರಿದರು. ಆ ಹೆಂಗಸು ಕಲ್ಲನ್ನೂ ಅದಕ್ಕೆ ಒರಗಿಸಿದ ಸೈಕಲುಗಳನ್ನೂ ನೋಡಿ, ಹೊರೆಯ ಸಮೇತ ಮೇಲಕ್ಕೆ ಹೋದರು. ಅವರು ಹೊರೆ ಇಳಿಸಲು ನಿಂತದ್ದು ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ನಾನು ದಂಡಿನ ಬಗ್ಗೆ ಮಾತು ಮುಂದುವರಿಸಿದೆ.

ಸೈಕಲಿನವರು ತಾವು ಹೋದ ದಾರಿಯನ್ನು ಇತರರಿಗೆ ತೋರಿಸಲು ಫೋನಿನಲ್ಲಿ ಒಂದು ಆ್ಯಪ್ ಬಳಸುತ್ತಾರೆ. ನನ್ನ ಶಿಷ್ಯೆ ಅಂದಿನ ದಾರಿಗೆ "ದಂಡಿನ ದಾರಿ" ಎಂದು ಹೆಸರಿಟ್ಟು ಅದರಲ್ಲಿ ಹಾಕಿದಳು. ಕಲ್ಲಿನ ವಿಡಿಯೋ ಮಾಡಿ ನನ್ನ ಮಾತನ್ನೂ ಸೇರಿಸಿದಳು. ಎರಡು ತಿಂಗಳಲ್ಲಿ ಪುತ್ತೂರಿನಿಂದ, ಮಂಗಳೂರಿನಿಂದ ತಂಡಗಳು ಬರತೊಡಗಿದವು. ಅಂಥ ಒಂದು ತಂಡದವರನ್ನು ಪೇಟೆಯ ಹೋಟೆಲಿನಲ್ಲಿ ಕಂಡೆ. ಅವರಲ್ಲೊಬ್ಬ ನನಗೇ ಆ ಕಥೆ ಹೇಳಿದ. ಅವನ ಕಥೆಯಲ್ಲಿ ಒಬ್ಬ ಸೇನಾಪತಿಯೂ ಇದ್ದ, ಗಾಯಗೊಂಡ ಕುದುರೆಯೂ ಇತ್ತು. ನಾನು ನಕ್ಕು, ಹೌದಾ ಎಂದು ಕೇಳಿ, ದೋಸೆ ತಿಂದು ಬಂದೆ.

ಏಪ್ರಿಲಿನಲ್ಲಿ ಆ ಊರಿನ ಯುವಕ ಮಂಡಲದ ಅಧ್ಯಕ್ಷರು ನನ್ನ ಮನೆಗೆ ಬಂದರು. ಮೂವತ್ತೈದರ ಪ್ರಾಯ, ಊರಿನ ಜಂಕ್ಷನಿನಲ್ಲಿ ವೆಲ್ಡಿಂಗ್ ಅಂಗಡಿ. ಜಗಲಿಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಮಾತಾಡಿದರು.

"ಮಾಷ್ಟ್ರೇ, ನಮ್ಮ ಊರಿಗೆ ಇಷ್ಟು ದೊಡ್ಡ ಇತಿಹಾಸ ಉಂಟು ಅಂತ ನಮಗೇ ಗೊತ್ತಿರ್ಲಿಲ್ಲ. ಆ ಕಲ್ಲನ್ನು ಹಾಗೇ ಬಿಡ್ಲಿಕ್ಕಾಗುದಿಲ್ಲ. ಸುತ್ತ ಗ್ರಿಲ್ ಹಾಕಿ ಒಂದು ಬೋರ್ಡ್ ಇಡುವ ಅಂತ. ಗ್ರಿಲ್ ನಾನೇ ಮಾಡ್ತೇನೆ. ಬೋರ್ಡಿಗೆ ನಾಲ್ಕು ಸಾಲು ನೀವು ಬರೆದು ಕೊಡ್ಬೇಕು. ಉದ್ಘಾಟನೆಯೂ ನಿಮ್ಮದೇ ಕೈಯಲ್ಲಿ."

ಹೇಳಲು ಅದು ಒಳ್ಳೆಯ ಅವಕಾಶವಾಗಿತ್ತು. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಹೆಂಡತಿ ಒಳಗೆ ಬೆಲ್ಲ ನೀರು ಮಾಡುತ್ತಿದ್ದಳು. ನನ್ನ ಬಾಯಿಗೆ ಬಂದದ್ದು ಮಾತ್ರ ಬೇರೆ.

"ನಾನು ಎಂತ ದೊಡ್ಡ ಮನುಷ್ಯ. ಬೇರೆ ಯಾರನ್ನಾದರೂ ಕರೀರಿ."

"ಇಲ್ಲ ಮಾಷ್ಟ್ರೇ. ಕಂಡುಹಿಡಿದದ್ದು ನೀವು."

ಕಂಡುಹಿಡಿದದ್ದು ಎಂಬ ಮಾತು ಕೇಳಿ ನನಗಾದ ಸಂತೋಷವನ್ನು ಅಡಗಿಸಿ ಹೇಳುವುದರಲ್ಲಿ ಈಗ ಅರ್ಥವಿಲ್ಲ. ಮೂವತ್ತೊಂದು ವರ್ಷ ಬೇರೆಯವರು ಕಂಡುಹಿಡಿದದ್ದನ್ನು ಬೋರ್ಡಿನ ಮೇಲೆ ಬರೆದವನು ನಾನು. ಕಾಗದ ತರಿಸಿ ಅವರ ಎದುರೇ ನಾಲ್ಕು ಸಾಲು ಬರೆದೆ. "ತಿಳಿದವರ ಪ್ರಕಾರ" ಎಂದು ಶುರು ಮಾಡಿದೆ. ಹಾಗೆ ಬರೆದರೆ ಜವಾಬ್ದಾರಿ ಯಾರ ಮೇಲೂ ಬೀಳುವುದಿಲ್ಲ ಎಂಬುದು ಮಾಷ್ಟ್ರ ಕೆಲಸ ಕಲಿಸಿದ ಉಪಾಯ.

ಮೇ ತಿಂಗಳ ಒಂದು ಬೆಳಿಗ್ಗೆ ಕಾರ್ಯಕ್ರಮವಾಯಿತು. ಏರಿನ ಪಕ್ಕದ ಸಮತಟ್ಟಿನಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಮೈಕು. ಕಲ್ಲಿಗೆ ಕಾವಿ ಬಣ್ಣ ಬಳಿದಿದ್ದರು. ನಾಲ್ಕು ಬದಿಗೂ ಸೊಂಟಕ್ಕಿಂತ ಎತ್ತರದ ಗ್ರಿಲ್, ಅದಕ್ಕೆ ಹೊಸ ಬೀಗ. ನನಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಊರು ತನ್ನ ಇತಿಹಾಸವನ್ನು ಮರೆಯಬಾರದು ಎಂದೆ. ಮುಂದಿನ ಸಾಲಿನಲ್ಲಿ ನನ್ನ ಶಿಷ್ಯೆ ಹೆಮ್ಮೆಯಿಂದ ಕೂತಿದ್ದಳು.

ಉಪ್ಪಿಟ್ಟು, ಚಹಾ ಆಗುವಾಗ ಒಬ್ಬರು ಹೆಂಗಸು ನನ್ನ ಹತ್ತಿರ ಬಂದರು. ತಲೆಯ ಮೇಲೆ ಹೊರೆ ಇಲ್ಲದೆ, ಒಗೆದ ಸೀರೆಯಲ್ಲಿ ಇದ್ದುದರಿಂದ ಮೊದಲು ಗುರುತಾಗಲಿಲ್ಲ. ಡಿಸೆಂಬರಿನಲ್ಲಿ ಕಂಡವರೇ. ಅವರ ಮನೆ ಏರಿನ ಮೇಲೆಯೇ ಎಂದು ಅಧ್ಯಕ್ಷರು ಪರಿಚಯ ಮಾಡಿದರು. ಅವರು ಪಕ್ಕದವರೊಡನೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಮಾಷ್ಟ್ರೇ, ಈ ದಂಡಿನ ಕತೆ ನಿಮಗೆ ಯಾರು ಹೇಳಿದ್ದು?"

ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ್ದು. ಸುತ್ತ ಏಳೆಂಟು ಜನ ಚಹಾದ ಲೋಟ ಹಿಡಿದು ನಿಂತಿದ್ದರು.

"ಪುಸ್ತಕದಲ್ಲಿ ಉಂಟು ಅಮ್ಮ," ಎಂದೆ.

"ಪುಸ್ತಕದಲ್ಲಿ ಉಂಟಾ?" ಅವರು ಒಮ್ಮೆ ಕಲ್ಲಿನ ಕಡೆ ತಿರುಗಿದರು. "ಹಾಗಾದ್ರೆ ಸರಿ ಇರ್ಬೇಕು. ನಮ್ಮ ಮನೆಯಲ್ಲಿ ಬೇರೆ ಹೇಳ್ತಿದ್ರು."

ಬೇರೆ ಏನು ಹೇಳುತ್ತಿದ್ದರು ಎಂದು ನಾನು ಕೇಳಲಿಲ್ಲ. ಯಾರೋ ಫೋಟೋಕ್ಕೆ ಕರೆದರು. ಕಲ್ಲಿನ ಎದುರು ಎಲ್ಲರೂ ಸಾಲಾಗಿ ನಿಂತಾಗ, ಅಲ್ಲಿಯೇ ನಿಂತಿದ್ದ ಅವರಿಗೆ ಫೋಟೋ ತೆಗೆಯುವವನು ಸ್ವಲ್ಪ ಬದಿಗೆ ಬನ್ನಿ ಎಂದ. ಅವರು ಬದಿಗೆ ಹೋದರು.

ಮಳೆಗಾಲದಲ್ಲಿ ನಮ್ಮ ಸೈಕಲುಗಳು ಮೂಲೆ ಸೇರುತ್ತವೆ. ಮತ್ತೆ ಹೊರಟದ್ದು ದೀಪಾವಳಿ ಕಳೆದ ಮೇಲೆ. ಒಂದು ವಾರದ ದಿನ, ಏರು ಹತ್ತುವ ಅಭ್ಯಾಸ ಆಗಲಿ ಎಂದು, ಒಬ್ಬನೇ ಆ ಕಡೆ ಹೋದೆ. ಬೈಲಿನಲ್ಲಿ ಕೊಯ್ಲು ಮುಗಿದಿತ್ತು. ಏರಿನ ಅರ್ಧದಲ್ಲಿ, ಗ್ರಿಲ್ಲಿನ ಪಕ್ಕ, ರಸ್ತೆಯ ಮೇಲೆಯೇ ಹುಲ್ಲಿನ ಹೊರೆ ಇಟ್ಟು ಆ ಹೆಂಗಸು ಕೂತಿದ್ದರು.

"ಎಂತ ಅಮ್ಮ, ಇಲ್ಲಿ ಕೂತದ್ದು?"

"ಯಾರಾದ್ರೂ ಬರ್ತಾರಾ ಅಂತ ನೋಡ್ತಿದ್ದೇನೆ. ಕೆಳಗೆ ಇಟ್ರೆ ನನಗೆ ಒಬ್ಬಳಿಗೆ ತಲೆಗೆ ಏರಿಸ್ಲಿಕ್ಕೆ ಆಗುದಿಲ್ಲ. ನೀವು ಬಂದದ್ದು ಒಳ್ಳೆದಾಯ್ತು. ಸ್ವಲ್ಪ ಕೈ ಹಾಕ್ತೀರಾ?"

"ಎಷ್ಟು ಹೊತ್ತಾಯ್ತು ಕೂತು?"

"ಎರಡು ಸ್ಕೂಟರು ಹೋಯ್ತು. ನಿಲ್ಲಿಸ್ಲಿಲ್ಲ. ಅವರಿಗೂ ಗಡಿಬಿಡಿ ಇರ್ತದೆ."

ನಾನು ಸೈಕಲ್ ಮಲಗಿಸಿ ಹತ್ತಿರ ಹೋದೆ. ಎತ್ತುವ ಮೊದಲು, ಒಂದು ನಿಮಿಷ ದಣಿವಾರಲಿ ಎಂದು ಅವರ ಪಕ್ಕ ಕೂತೆ. ಆಗ ಅವರು ತಾವಾಗಿಯೇ ಹೇಳಿದರು. ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆ ಕುಂಟುತ್ತಿದ್ದರಂತೆ. ಅದಕ್ಕಿಂತ ಕೆಲವು ವರ್ಷ ಮೊದಲು, ಗದ್ದೆಯಿಂದ ಭತ್ತದ ಹೊರೆ ಹೊತ್ತು ಇದೇ ಏರು ಹತ್ತುವಾಗ, ಕತ್ತು ನೋವು ತಾಳಲಾರದೆ, ಹತ್ತಿರ ಯಾರೂ ಇಲ್ಲದೆ, ಒಬ್ಬರೇ ಹೊರೆ ಇಳಿಸಲು ಹೋಗಿ ಬಿದ್ದರು. ಕಾಲಿನ ಗಂಟು ಮುರಿಯಿತು. ಊರಿನ ವೈದ್ಯರು ಕಟ್ಟಿದ್ದು ಸೊಟ್ಟವಾಗಿ ಕೂಡಿತು. ಮಾವನವರು ಆ ವರ್ಷದ ಬೇಸಗೆಯಲ್ಲಿ ತಮ್ಮ ಅಣ್ಣನೊಡನೆ ಸೇರಿ ನೀರು ಹರಿಯುವ ತೋಡಿನ ಹತ್ತಿರದ ಪಾದೆ ಬಂಡೆಯಿಂದ ಕಲ್ಲು ಎಬ್ಬಿಸಿ, ಎತ್ತು ಕಟ್ಟಿ ಎಳೆದು ತಂದು ಇಲ್ಲಿ ನಿಲ್ಲಿಸಿದರು. ಎತ್ತರ ಎಷ್ಟಿರಬೇಕೆಂದು ತಿಳಿಯಲು ಅತ್ತೆಯನ್ನೇ ಕರೆತಂದು ಪಕ್ಕದಲ್ಲಿ ನಿಲ್ಲಿಸಿ ಅಳತೆ ಮಾಡಿದ್ದರಂತೆ.

"ಗೆರೆ?" ಎಂದೆ.

"ಕತ್ತಿ ಮಸೆದದ್ದೇ. ಹುಲ್ಲಿನ ಕತ್ತಿ. ಹೊರೆ ಇಟ್ಟು ನಿಂತಾಗ ಕೈ ಸುಮ್ಮನೆ ಇರುದಿಲ್ಲ ಅಲ್ವಾ. ನನ್ನ ಕತ್ತಿಯದ್ದೂ ಉಂಟು ಅದರಲ್ಲಿ." ಮತ್ತೆ ಅವರೇ ಹೇಳಿದರು, "ಅತ್ತೆ ಹೇಳಿದ್ದು ಹೀಗೆ. ಆದ್ರೆ ಅವರು ಶಾಲೆಗೆ ಹೋದವರಲ್ಲ. ಕಲ್ಲು ಮೊದಲೇ ಇದ್ದಿರ್ಬೇಕು, ಇವರು ನಮ್ಮದು ಅಂತ ಹೇಳಿಕೊಂಡದ್ದು ಇರ್ಬೇಕು. ನೀವು ಪುಸ್ತಕ ನೋಡಿದವರು. ನಿಮಗೆ ಗೊತ್ತಿರ್ತದೆ."

ಅವರು ನನ್ನ ಉತ್ತರಕ್ಕೆ ಕಾದರು. ರಸ್ತೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಮೈಕು ಇಲ್ಲ, ಶಾಲು ಇಲ್ಲ, ನೋಡುವವರಿಲ್ಲ. ಸುಳ್ಳು ಹೇಳಲು ಯಾವ ಒತ್ತಾಯವೂ ಇರಲಿಲ್ಲ.

"ಇರ್ಬಹುದು," ಎಂದೆ.

ಆಮೇಲೆ ಹೊರೆಗೆ ಕೈ ಹಾಕಿದೆ. ಎದೆಯವರೆಗೆ ಎತ್ತಿ ಹಿಡಿದೆ. ಅವರು ತಲೆ ಕೊಟ್ಟು, ಬಟ್ಟೆಯ ಸಿಂಬಿಯ ಮೇಲೆ ಹೊರೆಯನ್ನು ಸರಿಮಾಡಿಕೊಂಡು, ಉಪಕಾರ ಆಯ್ತು ಮಾಷ್ಟ್ರೇ ಎಂದು ಹೇಳಿ ಏರು ಹತ್ತಿದರು. ನಾನು ಮೇಲೆ ಹೋಗದೆ ಸೈಕಲ್ ತಿರುಗಿಸಿ ಮನೆಗೆ ಬಂದೆ.

ಎರಡು ತಿಂಗಳು ಸೈಕಲ್ ಮುಟ್ಟಲಿಲ್ಲ. ಶಿಷ್ಯೆ ಫೋನು ಮಾಡಿದಾಗಲೆಲ್ಲ ಮೊಣಗಂಟು ನೋವು ಎಂದೆ. "ಇನ್ನು ಅದರಲ್ಲಿ ಬಟ್ಟೆ ಒಣಗಿಸ್ಬಹುದಾ?" ಎಂದು ಹೆಂಡತಿ ಕೇಳಿದಳು. ಒಂದು ದಿನ ಊಟಕ್ಕೆ ಕೂತಾಗ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಡಿಸುವ ಸೌಟು ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ ಹೇಳಿದ್ದು ಒಂದೇ ಮಾತು.

"ಆ ಅಮ್ಮ ಈಗಲೂ ರಸ್ತೆಯಲ್ಲಿ ಕೂತಿರ್ತಾರಾ?"

ನಾನು ಅಷ್ಟು ದಿನ ನನ್ನ ಮರ್ಯಾದೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಆ ಹೆಂಗಸು ಪ್ರತಿದಿನ ಅಲ್ಲಿ ಯಾರಿಗಾದರೂ ಕಾಯುತ್ತಿರಬಹುದು ಎಂಬುದು ನನ್ನ ಯೋಚನೆಗೆ ಬಂದೇ ಇರಲಿಲ್ಲ.

ಮರುದಿನ ಬಸ್ಸಿನಲ್ಲಿ ಅಧ್ಯಕ್ಷರ ವೆಲ್ಡಿಂಗ್ ಅಂಗಡಿಗೆ ಹೋದೆ. ಅವರು ಒಂದು ಗೇಟಿನ ಕೆಲಸದಲ್ಲಿದ್ದರು. ಕಣ್ಣಿನ ಗುರಾಣಿ ಮೇಲಕ್ಕೆತ್ತಿ, ಬನ್ನಿ ಮಾಷ್ಟ್ರೇ ಎಂದು ಸ್ಟೂಲು ಎಳೆದು ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಅವರು ಪೂರ್ತಿ ಕೇಳಿದರು. ಕೈಯಲ್ಲಿದ್ದ ರಾಡನ್ನು ಒಂದು ಕಡೆ ಇಟ್ಟರು.

"ನೀವು ಬರೆದು ಕೊಟ್ಟ ಕಾಗದ ಉಂಟಲ್ಲ, ಅದನ್ನು ನಾನು ಲ್ಯಾಮಿನೇಶನ್ ಮಾಡಿ ಮನೆಯಲ್ಲಿ ಇಟ್ಟಿದ್ದೇನೆ," ಎಂದರು.

ಅವರೇ ಮುಂದುವರಿಸಿದರು.

"ಶಾಲೆಯ ಮಕ್ಕಳು ಈ ಸಲ ಪ್ರಬಂಧ ಬರೆದದ್ದು ಇದರ ಮೇಲೆಯೇ. ಗೊತ್ತಿಲ್ಲದೆ ಆದದ್ದಾ ಮಾಷ್ಟ್ರೇ, ಅಲ್ಲ ಗೊತ್ತಿದ್ದೂ ಹೇಳಿದ್ದಾ?"

"ಗೊತ್ತಿದ್ದೂ ಹೇಳಿದ್ದು."

"ಈಗ ನಾನು ಎಂತ ಮಾಡ್ಬೇಕು?"

"ಗ್ರಿಲ್ ತೆಗೀಬೇಕು. ಬೋರ್ಡ್ ತೆಗೀಬೇಕು."

"ಯಾಕೆ ತೆಗ್ದದ್ದು ಅಂತ ಊರಿನವರು ಕೇಳ್ತಾರಲ್ಲ. ಅದನ್ನು ಯಾರು ಹೇಳುದು?"

"ನಾನೇ ಹೇಳ್ತೇನೆ," ಎಂದೆ. ಮುಂದಿನ ಆದಿತ್ಯವಾರ ಮಂಡಲದ ಸಭೆ ಇದೆ, ಬನ್ನಿ ಎಂದರು. ಆಮೇಲೆ ಗುರಾಣಿ ಕೆಳಗಿಳಿಸಿ ಕೆಲಸಕ್ಕೆ ಬಗ್ಗಿದರು. ಅವರ ಮುಖ ನನಗೆ ಕಾಣದೆ ಹೋದದ್ದು ಅವರಿಗೂ ಬೇಕಿತ್ತು, ನನಗೂ ಬೇಕಿತ್ತು.

ಶಿಷ್ಯೆಗೆ ಮೊದಲೇ ತಿಳಿಸಬೇಕಿತ್ತು. ಕ್ಲಿನಿಕ್ಕಿಗೆ ಹೋಗಿ, ರೋಗಿಗಳು ಮುಗಿಯುವವರೆಗೆ ಹೊರಗೆ ಕಾದು, ಹೇಳಿದೆ. ಅವಳು ಮೊದಲು ತಮಾಷೆ ಎಂದುಕೊಂಡಳು. ತಮಾಷೆಯಲ್ಲ ಎಂದು ತಿಳಿದಾಗ ಕೈಗವಸನ್ನು ನಿಧಾನವಾಗಿ ಕಳಚಿ ಬುಟ್ಟಿಗೆ ಹಾಕಿದಳು.

"ಸರ್, ನಾನು ನಿಮ್ಮ ಕ್ಲಾಸಿನಲ್ಲಿ ಮೂರು ವರ್ಷ ಕೂತಿದ್ದೆ," ಎಂದಳು. "ಅಲ್ಲಿ ಹೇಳಿಕೊಟ್ಟದ್ದರಲ್ಲಿ ಎಷ್ಟು ನಿಜ?"

"ಅದೆಲ್ಲ ನಿಜವೇ."

ಅವಳು ತಲೆಯಾಡಿಸಿದಳು. ನಂಬಿದಳು ಎಂದು ನನಗೆ ಅನಿಸಲಿಲ್ಲ. ನಾನು ಹೇಳಿದ್ದು ನಿಜವಾಗಿತ್ತು, ಆದರೆ ಅದನ್ನು ನಿಜವೆಂದು ತೋರಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಆ್ಯಪಿನಲ್ಲಿ ಹೆಸರು ಬದಲಿಸುತ್ತೇನೆ ಎಂದಳು. ಹೊರಡುವಾಗ ಯಾವತ್ತಿನ ಹಾಗೆ ಬಾಗಿಲವರೆಗೆ ಬರಲಿಲ್ಲ.

ಸಭೆ ನಡೆದದ್ದು ಶಾಲೆಯ ಒಂದು ಕೋಣೆಯಲ್ಲಿ, ಮಧ್ಯಾಹ್ನ. ಇಪ್ಪತ್ತು ಇಪ್ಪತ್ತೈದು ಜನ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಆ ಹೆಂಗಸೂ ಸೊಸೆಯೊಡನೆ ಬಂದಿದ್ದರು. ಅಧ್ಯಕ್ಷರು ಹೇಳಿ ಕಳಿಸಿರಬೇಕು. ನನ್ನ ಜೀವಮಾನವೆಲ್ಲ ಅಂಥ ಕೋಣೆಯಲ್ಲಿ, ಕರಿಹಲಗೆಗೆ ಬೆನ್ನು ಹಾಕಿ ನಿಂತು ಮಾತಾಡಿದ್ದೇನೆ. ಅಂದು ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ದಂಡಿನ ಕಥೆಯನ್ನು ನಾನು ಕಟ್ಟಿದ್ದು, ಯಾವ ಪುಸ್ತಕದಲ್ಲಿಯೂ ಇಲ್ಲ ಎಂದೆ. ಅದು ಹೊರೆ ಇಳಿಸುವ ಕಲ್ಲು, ನೆಟ್ಟವರು ಈ ಅಮ್ಮನ ಮಾವ ಎಂದೆ.

ಯಾರೋ ಒಬ್ಬ ಸಣ್ಣಗೆ ನಕ್ಕು ನಿಲ್ಲಿಸಿದ. ಎದುರು ಕೂತ ಹಿರಿಯರೊಬ್ಬರು ನನ್ನ ಮೇಲೆ ಕರುಣೆ ಬಂದವರಂತೆ, "ಹೋಗ್ಲಿ ಬಿಡಿ ಮಾಷ್ಟ್ರೇ, ತಪ್ಪು ಗ್ರಹಿಕೆ ಯಾರಿಗೂ ಆಗ್ತದೆ," ಎಂದರು.

ಆ ಮಾತನ್ನು ಹಿಡಿದು ಅಲ್ಲಿಂದ ಪಾರಾಗಬಹುದಿತ್ತು. ಪಾರಾಗಬೇಕೆಂದು ಆಸೆಯೂ ಆಯಿತು.

"ತಪ್ಪು ಗ್ರಹಿಕೆ ಅಲ್ಲ," ಎಂದೆ. "ಮೊದಲ ದಿನವೇ ನನಗೆ ಗೊತ್ತಿತ್ತು."

ಆಗ ಹಿಂದಿನ ಬೆಂಚಿನಿಂದ ಆ ಹೆಂಗಸು ಎದ್ದು ನಿಂತರು. ಬೈಯಲಿ ಎಂದು ನಾನು ಕಾದೆ. ಬೈದರೆ ಸ್ವಲ್ಪ ಹಗುರವಾಗುತ್ತಿತ್ತು. ಅವರು ನನ್ನನ್ನು ನೋಡಲೂ ಇಲ್ಲ. ಪಕ್ಕದಲ್ಲಿದ್ದ ಸೊಸೆಗೆ ಹೇಳುವ ಹಾಗೆ, ಆದರೆ ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲಿಯೇ ಹೇಳಿದರು.

"ಅತ್ತೆ ತೀರಿಹೋಗಿ ಇಪ್ಪತ್ತು ವರ್ಷ ಆಯ್ತು. ಇಷ್ಟು ತಿಂಗಳು ನಾನು ಅವರನ್ನು ಸುಳ್ಳು ಹೇಳಿದವರು ಅಂತ ಗ್ರಹಿಸಿದೆನಲ್ಲ."

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಸೊಸೆ ಹಿಂದೆಯೇ ಹೋದಳು. ಕ್ಷಮಿಸಿ ಎಂಬ ಮಾತನ್ನು ನಾನು ಮನೆಯಿಂದ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅದು ಯಾರಿಗೆ ಹೇಳಬೇಕಾದ ಮಾತೋ ಅವರು ಇಪ್ಪತ್ತು ವರ್ಷದ ಹಿಂದೆಯೇ ಇಲ್ಲವಾಗಿದ್ದರು. ಇದ್ದವರು ಕೇಳಲು ನಿಲ್ಲಲಿಲ್ಲ.

ಮುಂದಿನ ವಾರ ಅಧ್ಯಕ್ಷರು ಗ್ರಿಲ್ಲಿನ ಎದುರಿನ ಬದಿಯನ್ನು ಕತ್ತರಿಸಿ ತೆಗೆದರು. ಬೋರ್ಡನ್ನೂ ಬಿಚ್ಚಿದರು. ಹೊಸ ಬೋರ್ಡು ಹಾಕಲಿಲ್ಲ. ಆ ಹೆಂಗಸಿನ ಮನೆಯವರಿಗೆ ಬೇಡವಂತೆ. ಆ್ಯಪಿನಲ್ಲಿ ನನ್ನ ಶಿಷ್ಯೆ ಹಳೆಯ ವಿಡಿಯೋ ಅಳಿಸಿ, ಹೊರೆ ಇಳಿಸುವ ಕಲ್ಲು ಎಂದು ಬರೆದಳು. ಆದರೆ ಹಳೆಯದನ್ನು ನೋಡಿದವರು ಹೊಸದನ್ನು ನೋಡಬೇಕೆಂದಿಲ್ಲ. ಆದಿತ್ಯವಾರದ ತಂಡ ಈಗಲೂ ಹೋಗುತ್ತದೆ. ನನ್ನನ್ನು ಬೇಡವೆಂದು ಯಾರೂ ಹೇಳಲಿಲ್ಲ, ನಾನೇ ಹೋಗುವುದನ್ನು ಬಿಟ್ಟೆ.

ನಾನು ಎಣಿಸದೇ ಇದ್ದ ಇನ್ನೊಂದು ಸಂಗತಿ ಇತ್ತು. ಗ್ರಿಲ್ ಇದ್ದ ತಿಂಗಳುಗಳಲ್ಲಿ ಆಸುಪಾಸಿನ ಕೆಲವು ಮನೆಯವರು ಆ ಕಲ್ಲಿಗೆ ಹೂ ಇಡಲು ಶುರು ಮಾಡಿದ್ದರು. ದಂಡಿನಲ್ಲಿ ಸತ್ತವರ ಕಲ್ಲು ಎಂದೋ, ಸುಮ್ಮನೆ ಇರಲಿ ಎಂದೋ ತಿಳಿಯದು. ಯಾರೂ ಹೇಳಿ ಶುರುವಾದದ್ದಲ್ಲ. ಹಾಗಾಗಿ ಯಾರೋ ಹೇಳಿದ ಮಾತ್ರಕ್ಕೆ ನಿಲ್ಲಲೂ ಇಲ್ಲ. ಕಳೆದ ತಿಂಗಳು ಹೋದಾಗಲೂ ಚಪ್ಪಡಿಯ ಮೇಲೆ ಬಾಡಿದ ದಾಸವಾಳ ಇತ್ತು, ಕುಂಕುಮ ಇತ್ತು.

ಅಂದು ಆ ಹೆಂಗಸು ಏರಿನಲ್ಲಿ ಎದುರಾದರು. ತಲೆಯ ಮೇಲೆ ಹೊರೆ ಇತ್ತು, ಆದರೆ ಮೊದಲಿನ ಅರ್ಧದಷ್ಟು. ನಾನು ಸೈಕಲಿನಿಂದ ಇಳಿದೆ. ಅವರು ಬಂದ್ರಾ ಎಂದರು. ಮಾತಾಡಿದ್ದೇ ದೊಡ್ಡದು ಎಂದುಕೊಂಡೆ.

"ಈಗ ಗ್ರಿಲ್ ಇಲ್ಲವಲ್ಲ ಅಮ್ಮ," ಎಂದೆ. "ಇಲ್ಲಿ ಇಳಿಸುದಿಲ್ವಾ?"

"ಹೂ ಇಟ್ಟ ಕಲ್ಲಿನ ಮೇಲೆ ಹುಲ್ಲು ಇಡುದು ಹೇಗೆ ಮಾಷ್ಟ್ರೇ?"

"ಅದು ನಿಮ್ಮ ಮಾವ ಹಾಕಿದ ಕಲ್ಲು ಅಂತ ಈಗ ಎಲ್ಲರಿಗೂ ಗೊತ್ತುಂಟಲ್ಲ."

"ಗೊತ್ತುಂಟು. ಆದ್ರೆ ಇಟ್ಟವರ ಮನಸ್ಸಿಗೆ ಬೇಜಾರು ಮಾಡುದು ಯಾಕೆ." ಅವರು ನಿಲ್ಲದೆ ಹೇಳುತ್ತ ಮುಂದೆ ಹೋದರು. "ಹೊರೆ ಸಣ್ಣದು ಮಾಡಿದ್ದೇನೆ. ಸಣ್ಣದಾದ್ರೆ ನಡುವೆ ಇಳಿಸ್ಬೇಕು ಅಂತ ಇಲ್ಲ."

ಒಂದು ಹೊರೆಯ ಹುಲ್ಲನ್ನು ಎರಡು ಮಾಡಿ ಅವರು ಈಗ ದಿನಕ್ಕೆ ಎರಡು ಸಲ ಏರು ಹತ್ತುತ್ತಾರೆ. ಸೊಸೆ ಹೇಳಿ ಗೊತ್ತಾಯಿತು. ಅವರ ಮನೆಯಲ್ಲಿ ಮೂರು ದನ ಉಂಟು, ಒಂದು ಕರು ಹಾಕಿದೆ, ಹುಲ್ಲು ಹೆಚ್ಚೇ ಬೇಕು.